ಮೈಸೂರು ಸ್ಯಾಂಡಲ್ ಸೋಪಿನ ಹೆಸರಿನ ರಕ್ಷಣೆ ಮತ್ತು ನಕಲಿ ತಡೆ

ಮೈಸೂರು ಸ್ಯಾಂಡಲ್ ಸೋಪ್ ಕರ್ನಾಟಕ ಸರ್ಕಾರದ ಒಡೆತನದ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ (ಕೆಎಸ್‌ಡಿಎಲ್) ತಯಾರಿಸುವ ಶ್ರೀಗಂಧದೆಣ್ಣೆಯ ಸಾಬೂನು. ಇದರ ಕಾರ್ಖಾನೆ ಉತ್ತರ ಬೆಂಗಳೂರಿನ ಯಶವಂತಪುರದ ಬಳಿ, ಪುಣೆಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದೆ. ಈ ಸಾಬೂನಿನ ಹೆಸರಿಗೆ ಭಾರತದಲ್ಲಿ ವಾಣಿಜ್ಯ ಚಿಹ್ನೆಯ ರಕ್ಷಣೆಯೂ ಭೌಗೋಳಿಕ ಸೂಚಿಯ (ಜಿಐ) ರಕ್ಷಣೆಯೂ ಇವೆ. ಹಾಗಿದ್ದರೂ ಇದರ ನಕಲಿಗಳು ಮಾರುಕಟ್ಟೆಗೆ ಬಂದಿದ್ದು, 2024ರಲ್ಲಿ ಹೈದರಾಬಾದಿನಲ್ಲಿ ಪತ್ತೆಯಾದ ಪ್ರಕರಣ ಹೆಚ್ಚು ಸುದ್ದಿಯಾಯಿತು. ಒಂದು ಹೆಸರು ತಾನು ಹುಟ್ಟಿದ ಊರಿನಿಂದ ಹೊರಗೆ, ಮುಂದೆ ದೇಶದಿಂದಲೂ ಹೊರಗೆ ಹೋದಾಗ ಅದನ್ನು ಕಾಯುವವರು ಯಾರು, ಯಾವ ಕಾನೂನಿನ ಬಲದಿಂದ ಎಂಬುದನ್ನು ಅರಿಯಲು ಈ ಸಾಬೂನು ಒಳ್ಳೆಯ ಉದಾಹರಣೆಯಾಗಿದೆ.

ಹೆಸರಿನ ಹಿನ್ನೆಲೆ

ಶ್ರೀಗಂಧದ ಮರ ಟಿಪ್ಪು ಸುಲ್ತಾನನ ಕಾಲದಿಂದಲೂ ಮೈಸೂರು ಸಂಸ್ಥಾನದಲ್ಲಿ ರಾಜ್ಯದ ಸ್ವತ್ತೆಂದು ಪರಿಗಣಿತವಾಗಿತ್ತು. ಸಂಸ್ಥಾನವು ಗಂಧದ ಕೊರಡುಗಳನ್ನು ಹರಾಜಿನಲ್ಲಿ ಮಾರುತ್ತಿತ್ತು. ಅವುಗಳಲ್ಲಿ ಬಹುಪಾಲು ಯೂರೋಪಿಗೆ, ವಿಶೇಷವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಈ ರಫ್ತು ನಿಂತು ಕೊರಡುಗಳು ಗೋದಾಮುಗಳಲ್ಲಿ ಉಳಿದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ ಎಂ. ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಸಂಸ್ಥಾನದಲ್ಲಿಯೇ ತೆಗೆಯಲು ನಿಶ್ಚಯಿಸಿದರು. ಕೈಗಾರಿಕೆಗಳ ಹೊಣೆ ಹೊತ್ತಿದ್ದ ಆಲ್ಫ್ರೆಡ್ ಚಾಟರ್ಟನ್ ಅವರ ಕೋರಿಕೆಯಂತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು.

ಎಣ್ಣೆಯಿಂದ ಸಾಬೂನು ಮಾಡುವ ಯೋಚನೆ ಅದರ ಬೆನ್ನಿಗೇ ಬಂತು. ಮೈಸೂರಿನ ಗಂಧದೆಣ್ಣೆಯಿಂದ ಹೊರದೇಶದಲ್ಲಿ ತಯಾರಾದ ಸಾಬೂನನ್ನು ಮಹಾರಾಜರಿಗೆ ಕಾಣಿಕೆಯಾಗಿ ಕೊಟ್ಟದ್ದೇ ಇದಕ್ಕೆ ಪ್ರೇರಣೆ ಎಂಬ ಕಥೆ ಪ್ರಚಾರದಲ್ಲಿದೆ. ಸೋಸಲೆ ಗರಳಪುರಿ ಶಾಸ್ತ್ರಿಯವರನ್ನು ತರಬೇತಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಮರಳಿದ ಮೇಲೆ 1918ರಲ್ಲಿ ಸಾಬೂನು ಮಾರುಕಟ್ಟೆಗೆ ಬಂತು. ಅಂಡಾಕಾರದ ಬಿಲ್ಲೆ, ಆಭರಣದ ಪೆಟ್ಟಿಗೆಯನ್ನು ನೆನಪಿಸುವ ಹೊದಿಕೆ, ಸಿಂಹದ ದೇಹಕ್ಕೆ ಆನೆಯ ತಲೆಯುಳ್ಳ ಶರಭದ ಲಾಂಛನ ಇವೆಲ್ಲ ಶಾಸ್ತ್ರಿಯವರ ಕಲ್ಪನೆ ಎನ್ನಲಾಗುತ್ತದೆ. ಅಂದು ಅಲಂಕಾರವೆಂದು ತೋರಿದ ಈ ವಿವರಗಳೇ ಇಂದು ಕಾನೂನಿನ ದೃಷ್ಟಿಯಲ್ಲಿ ಬೆಲೆಯುಳ್ಳ ಸ್ವತ್ತುಗಳು. ನಕಲು ಮಾಡುವವನು ಮೊದಲು ಕದಿಯುವುದೂ ಇವನ್ನೇ.

ಸಾಬೂನಿನ ಕಾರ್ಖಾನೆ ಮೊದಲಿನಿಂದಲೂ ಇದ್ದದ್ದು ಬೆಂಗಳೂರಿನಲ್ಲಿ. ನಗರದ ಮಧ್ಯಭಾಗದಲ್ಲಿದ್ದ ಅದನ್ನು 1957ರಲ್ಲಿ ಯಶವಂತಪುರದ ಬಳಿಯ ಈಗಿನ ನೆಲೆಗೆ ಸ್ಥಳಾಂತರಿಸಲಾಯಿತು. 1980ರಲ್ಲಿ ಸಾಬೂನು ಕಾರ್ಖಾನೆಯನ್ನೂ ಮೈಸೂರು ಮತ್ತು ಶಿವಮೊಗ್ಗಗಳ ಗಂಧದೆಣ್ಣೆ ಘಟಕಗಳನ್ನೂ ಒಂದುಗೂಡಿಸಿ ಕೆಎಸ್‌ಡಿಎಲ್ ಕಂಪನಿಯನ್ನು ರಚಿಸಲಾಯಿತು. 2014ರಲ್ಲಿ ಆರಂಭವಾದ ನಮ್ಮ ಮೆಟ್ರೋದ ಹಸಿರು ಮಾರ್ಗದ ಒಂದು ನಿಲ್ದಾಣಕ್ಕೆ 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ಎಂದೇ ಹೆಸರಿಡಲಾಗಿದೆ. ಬೆಂಗಳೂರಿನಲ್ಲಿ ತಯಾರಾಗುವ ವಸ್ತುವಿಗೆ 'ಮೈಸೂರು' ಎಂಬ ಹೆಸರೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಇಲ್ಲಿ ಮೈಸೂರು ಎಂದರೆ ನಗರವಲ್ಲ, ಹಳೆಯ ಸಂಸ್ಥಾನ. ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬಂದರೂ ಸಾಬೂನಿನ ಹೆಸರು ಬದಲಾಗಲಿಲ್ಲ.

ಎರಡು ಬಗೆಯ ರಕ್ಷಣೆ

ಭಾರತದ ವಾಣಿಜ್ಯ ಚಿಹ್ನೆಗಳ ಅಧಿನಿಯಮ, 1999ರ ಪ್ರಕಾರ ಊರಿನ ಹೆಸರನ್ನಾಗಲಿ ವಸ್ತುವಿನ ಗುಣವನ್ನು ಹೇಳುವ ಪದವನ್ನಾಗಲಿ ಸಾಮಾನ್ಯವಾಗಿ ಒಬ್ಬರ ಚಿಹ್ನೆಯಾಗಿ ನೋಂದಾಯಿಸಲಾಗದು. 'ಮೈಸೂರು' ಊರಿನ ಹೆಸರು, 'ಸ್ಯಾಂಡಲ್' ಘಟಕದ್ರವ್ಯದ ಹೆಸರು, 'ಸೋಪ್' ವಸ್ತುವಿನದೇ ಹೆಸರು. ಬಿಡಿಬಿಡಿಯಾಗಿ ನೋಡಿದರೆ ಮೂರೂ ಎಲ್ಲರ ಪದಗಳು. ಆದರೆ ದೀರ್ಘಕಾಲದ ಬಳಕೆಯಿಂದ ಜನರ ಮನಸ್ಸಿನಲ್ಲಿ ಒಬ್ಬ ತಯಾರಕನನ್ನೇ ಸೂಚಿಸುವಷ್ಟು ವಿಶಿಷ್ಟತೆ ಪಡೆದ ಹೆಸರಿಗೆ ಕಾನೂನು ವಿನಾಯಿತಿ ನೀಡುತ್ತದೆ. ನೂರು ವರ್ಷಗಳ ಬಳಕೆ ಈ ಸಾಬೂನಿಗೆ ಆ ಬಲವನ್ನು ತಂದುಕೊಟ್ಟಿದೆ. ನೋಂದಣಿ ಹತ್ತು ವರ್ಷಗಳ ಅವಧಿಯದು, ಶುಲ್ಕ ಕಟ್ಟಿ ಮತ್ತೆ ಮತ್ತೆ ನವೀಕರಿಸಬಹುದು.

ಎರಡನೆಯದು ಭೌಗೋಳಿಕ ಸೂಚಿ. ಒಂದು ವಸ್ತುವಿನ ಗುಣ ಅಥವಾ ಖ್ಯಾತಿ ಅದು ಹುಟ್ಟಿದ ನೆಲಕ್ಕೆ ಸೇರಿದ್ದಾಗ ಆ ನೆಲದ ಹೆಸರಿಗೆ ಕೊಡುವ ರಕ್ಷಣೆ ಇದು. ಇದಕ್ಕಾಗಿ 1999ರಲ್ಲಿ ರೂಪುಗೊಂಡ ಅಧಿನಿಯಮವು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಮೊದಲ ನೋಂದಣಿ ಡಾರ್ಜಿಲಿಂಗ್ ಚಹಾಕ್ಕೆ 2004ರಲ್ಲಿ ದೊರೆಯಿತು. ಅದರ ಹಿಂದೆಯೇ ಕರ್ನಾಟಕದ ಹಲವು ವಸ್ತುಗಳು ನೋಂದಣಿಯಾದವು. ಅವುಗಳಲ್ಲಿ ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಮೈಸೂರು ಗಂಧದೆಣ್ಣೆಗಳ ಜೊತೆಗೆ ಮೈಸೂರು ಸ್ಯಾಂಡಲ್ ಸೋಪ್ ಕೂಡ ಸೇರಿದೆ. ಸಾಬೂನಿಗೆ ಈ ಮಾನ್ಯತೆ ಬಂದದ್ದು 2006ರಲ್ಲಿ.

ವಾಣಿಜ್ಯ ಚಿಹ್ನೆಯನ್ನು ಮಾರಬಹುದು, ಬಾಡಿಗೆಗೆ ಕೊಡುವಂತೆ ಪರವಾನಗಿ ನೀಡಬಹುದು. ಭೌಗೋಳಿಕ ಸೂಚಿಯನ್ನು ಮಾರುವುದಕ್ಕಾಗಲಿ ಅಡವಿಡುವುದಕ್ಕಾಗಲಿ ಪರವಾನಗಿ ಕೊಡುವುದಕ್ಕಾಗಲಿ ಅವಕಾಶವಿಲ್ಲ. ಅದು ಸಮುದಾಯದ ಹಕ್ಕೆಂಬುದೇ ಅದರ ತಿರುಳು. ಉದಾಹರಣೆಗೆ, ಮೈಸೂರು ಅಗರಬತ್ತಿಯ ನೋಂದಣಿ ತಯಾರಕರ ಸಂಘದ ಹೆಸರಿನಲ್ಲಿದೆ. ಸಾಬೂನಿನ ವಿಷಯದಲ್ಲಿ ಮಾತ್ರ ತಯಾರಕ ಒಬ್ಬನೇ, ಅದೂ ಸರ್ಕಾರಿ ಕಂಪನಿ. ಭೌಗೋಳಿಕ ಸೂಚಿಯ ಆಶಯಕ್ಕೆ ಇದು ಪೂರ್ತಿ ಹೊಂದುವುದಿಲ್ಲವೆಂದು ವಾದಿಸಲು ಅವಕಾಶವಿದೆ. ಆದರೆ ಕಂಪನಿ ಸಾರ್ವಜನಿಕ ಒಡೆತನದ್ದಾದ್ದರಿಂದ ನಕಲಿಯಿಂದ ಆಗುವ ನಷ್ಟ ಕೊನೆಗೆ ರಾಜ್ಯದ ಬೊಕ್ಕಸದ ನಷ್ಟವೇ. 2001ರ ಕಾನೂನು ತಿದ್ದುಪಡಿಯ ಬಳಿಕ ತಮ್ಮ ಜಮೀನಿನ ಗಂಧದ ಮರಗಳಿಗೆ ತಾವೇ ಒಡೆಯರಾದ ರೈತರಿಗೂ ಈ ಹೆಸರಿನ ಬೆಲೆಯಲ್ಲಿ ಆಸಕ್ತಿಯಿದೆ. ಅಸಲಿ ಸಾಬೂನು ಮಾರಾಟವಾದಷ್ಟೂ ಅಸಲಿ ಎಣ್ಣೆಗೆ ಬೇಡಿಕೆ.

ಹೈದರಾಬಾದ್ ಪ್ರಕರಣ

ಈ ಸಾಬೂನಿನ ಮಾರಾಟದ ದೊಡ್ಡ ಪಾಲು ಕರ್ನಾಟಕದ ಹೊರಗಿನದು. ಆಂಧ್ರಪ್ರದೇಶ, ತೆಲಂಗಾಣ ಮತ್ತು ತಮಿಳುನಾಡುಗಳಲ್ಲಿ ಇದಕ್ಕೆ ಹಳೆಯ ಗ್ರಾಹಕರಿದ್ದಾರೆ. 2025ರ ಮೇ ತಿಂಗಳಲ್ಲಿ ಕನ್ನಡೇತರ ಚಿತ್ರನಟಿಯನ್ನು ಪ್ರಚಾರ ರಾಯಭಾರಿಯಾಗಿ ನೇಮಿಸಿದ್ದಕ್ಕೆ ಆಕ್ಷೇಪ ಬಂದಾಗ ಸರ್ಕಾರ ಕೊಟ್ಟ ಸಮರ್ಥನೆಯೂ ಹೊರಗಿನ ಮಾರುಕಟ್ಟೆಯನ್ನು ಕುರಿತದ್ದೇ ಆಗಿತ್ತು. ನಕಲಿ ಕೂಡ ಅಸಲಿ ತಯಾರಾಗುವ ಕಡೆ ಹುಟ್ಟದೆ, ಅಸಲಿಗೆ ಬೇಡಿಕೆಯಿದ್ದು ಒಡೆಯನ ಕಣ್ಣು ದೂರವಿರುವ ಕಡೆ ಹುಟ್ಟುತ್ತದೆ.

2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಸಾಬೂನು ಮಾರಾಟವಾಗುತ್ತಿದೆ ಎಂಬ ಸುಳಿವು ಆಗಿನ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವ ಎಂ. ಬಿ. ಪಾಟೀಲರಿಗೆ ತಲುಪಿತು. ಅವರ ಸೂಚನೆಯಂತೆ ಕೆಎಸ್‌ಡಿಎಲ್ ಸಿಬ್ಬಂದಿ ಖರೀದಿದಾರರ ಸೋಗಿನಲ್ಲಿ ಸರಕಿಗೆ ಬೇಡಿಕೆ ಸಲ್ಲಿಸಿ ಅದು ಎಲ್ಲಿಂದ ಬರುತ್ತದೆಂಬುದನ್ನು ಪತ್ತೆಹಚ್ಚಿದರು. ನಂತರ ಮಲಕ್‌ಪೇಟೆಯ ಪೊಲೀಸರಿಗೆ ದೂರು ನೀಡಲಾಯಿತು. ದಾಳಿಯಲ್ಲಿ 150 ಗ್ರಾಂ ಮತ್ತು 75 ಗ್ರಾಂ ತೂಕದ ನಕಲಿ ಸಾಬೂನುಗಳೂ, ತುಂಬಲು ಸಿದ್ಧವಾಗಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳೂ ಸಿಕ್ಕವು. ವಶಪಡಿಸಿಕೊಂಡ ಸರಕು ಸುಮಾರು ₹2 ಕೋಟಿ ಬೆಲೆಯದೆಂದು ತಿಳಿಸಲಾಯಿತು. ಇಬ್ಬರನ್ನು ಬಂಧಿಸಲಾಯಿತು.

ಖಾಲಿ ಪೆಟ್ಟಿಗೆಗಳು ಸಿಕ್ಕದ್ದು ಗಮನಾರ್ಹ. ನಕಲಿ ಸಾಬೂನಿನ ಕಸುಬಿನಲ್ಲಿ ಸಾಬೂನು ಮಾಡುವುದು ಸುಲಭದ ಕೆಲಸ, ಹೊದಿಕೆಯನ್ನು ತದ್ರೂಪಾಗಿ ಅಚ್ಚು ಹಾಕಿಸುವುದೇ ಮುಖ್ಯ ಬಂಡವಾಳ. ಆದ್ದರಿಂದ ತನಿಖೆ ಅಂಗಡಿಯವನಲ್ಲಿಗೆ ನಿಲ್ಲದೆ ಅಚ್ಚುಕೂಟದವರೆಗೆ ಹೋದರೆ ಮಾತ್ರ ಸರಪಳಿ ತುಂಡಾಗುತ್ತದೆ.

ದಂಡನೆಯ ಕ್ರಮ

ವಾಣಿಜ್ಯ ಚಿಹ್ನೆಯ ನೋಂದಣಿ ಇಡೀ ದೇಶಕ್ಕೆ ಅನ್ವಯಿಸುವುದರಿಂದ ಬೆಂಗಳೂರಿನ ಕಂಪನಿ ಹೈದರಾಬಾದಿನಲ್ಲಿ ಬೇರೆ ಹಕ್ಕನ್ನು ಪಡೆಯಬೇಕಾಗಿಲ್ಲ. ಪೊಲೀಸರು ಬೇರೆಯವರು, ಕಾನೂನು ಒಂದೇ. ಅಧಿನಿಯಮದ 103ನೇ ಕಲಮಿನಂತೆ ಸುಳ್ಳು ಚಿಹ್ನೆ ಬಳಸಿದವರಿಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ₹50,000ದಿಂದ ₹2 ಲಕ್ಷದವರೆಗೆ ದಂಡ ವಿಧಿಸಬಹುದು. ನಕಲಿ ಎಂದು ತಿಳಿದೂ ಮಾರಿದವರಿಗೆ 104ನೇ ಕಲಮಿನಲ್ಲಿ ಇದೇ ಶಿಕ್ಷೆಯಿದೆ. ಮತ್ತೆ ಅದೇ ಅಪರಾಧ ಮಾಡಿದರೆ ಕನಿಷ್ಠ ಸೆರೆವಾಸ ಒಂದು ವರ್ಷ. ಒಡೆಯನ ಒಪ್ಪಿಗೆಯಿತ್ತೆಂದು ಸಾಬೀತುಪಡಿಸುವ ಹೊಣೆ ಆರೋಪಿಯದೇ. ಭೌಗೋಳಿಕ ಸೂಚಿಯ ಅಧಿನಿಯಮದಲ್ಲಿಯೂ ಇದೇ ಪ್ರಮಾಣದ ಶಿಕ್ಷೆಗಳಿವೆ.

115ನೇ ಕಲಮಿನ ಪ್ರಕಾರ ಡಿವೈಎಸ್‌ಪಿ ಅಥವಾ ಅದಕ್ಕೆ ಸಮಾನವಾದ ದರ್ಜೆಗಿಂತ ಕೆಳಗಿಲ್ಲದ ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆ ಶೋಧಿಸಿ ನಕಲಿ ಸರಕನ್ನು ವಶಪಡಿಸಿಕೊಳ್ಳಬಹುದು. ಆದರೆ ಅದಕ್ಕೆ ಮುನ್ನ ಚಿಹ್ನೆಯ ಬಗ್ಗೆ ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕು. ತಪ್ಪು ದೂರಿನಿಂದ ಅಮಾಯಕ ವ್ಯಾಪಾರಿ ತೊಂದರೆಗೊಳಗಾಗದಿರಲಿ ಎಂಬುದು ಇದರ ಉದ್ದೇಶ. ಅಭಿಪ್ರಾಯ ಬರುವಷ್ಟರಲ್ಲಿ ಸರಕು ಗೋದಾಮಿನಿಂದ ಮಾಯವಾಗುವ ಸಾಧ್ಯತೆಯೂ ಇದೆ. ಸಿವಿಲ್ ನ್ಯಾಯಾಲಯದ ದಾರಿಯಲ್ಲಿ ತಡೆಯಾಜ್ಞೆ, ಪರಿಹಾರ, ಸರಕಿನ ನಾಶ ಇವನ್ನು ಕೇಳಬಹುದು. ನಕಲಿ ಮಾಡುವವನ ಹೆಸರೇ ತಿಳಿಯದಿದ್ದಾಗ ಅನಾಮಧೇಯ ಪ್ರತಿವಾದಿಯ ವಿರುದ್ಧ ನ್ಯಾಯಾಲಯ ನೀಡುವ ಆಜ್ಞೆಯನ್ನು ಭಾರತದಲ್ಲಿ 'ಅಶೋಕ್ ಕುಮಾರ್ ಆದೇಶ' ಎಂದು ಕರೆಯುವ ರೂಢಿಯಿದೆ.

ದೇಶದ ಗಡಿಯಾಚೆ

ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಕನ್ನಡಿಗರೂ ಇತರ ಭಾರತೀಯರೂ ನೆಲೆಸಿರುವ ಹಲವು ದೇಶಗಳಲ್ಲಿ ಈ ಸಾಬೂನು ದೊರೆಯುತ್ತದೆ. ಅಲ್ಲಿಗೆ ಹೋದೊಡನೆ ಭಾರತದ ನೋಂದಣಿಯ ಬಲ ನಿಲ್ಲುತ್ತದೆ. ವಾಣಿಜ್ಯ ಚಿಹ್ನೆಯ ಹಕ್ಕು ಆಯಾ ದೇಶಕ್ಕೆ ಸೀಮಿತ ಎಂಬುದು ಜಗತ್ತಿನಾದ್ಯಂತ ಒಪ್ಪಿತವಾದ ತತ್ತ್ವ. ಭಾರತದಲ್ಲಿ ಮೊದಲು ಬಳಸಿದವನಿಗೆ ಆದ್ಯತೆಯಿದ್ದರೆ, ಚೀನಾದಂತಹ ದೇಶಗಳಲ್ಲಿ ಸಾಮಾನ್ಯವಾಗಿ ಮೊದಲು ಅರ್ಜಿ ಸಲ್ಲಿಸಿದವನಿಗೆ ಆದ್ಯತೆ. ಅಂತಹ ಕಡೆ ಮೂಲ ತಯಾರಕ ಸರಕು ಕಳುಹಿಸುವ ಮೊದಲೇ ಬೇರೊಬ್ಬ ಅದೇ ಹೆಸರನ್ನು ನೋಂದಾಯಿಸಿಕೊಂಡರೆ, ಅಸಲಿಯನ್ನೇ ಬಂದರಿನಲ್ಲಿ ತಡೆಹಿಡಿಸುವ ವಿಚಿತ್ರ ಪರಿಸ್ಥಿತಿ ಉಂಟಾಗಬಹುದು.

ಪ್ರತಿ ದೇಶದಲ್ಲೂ ಬೇರೆ ಬೇರೆ ಅರ್ಜಿ ಸಲ್ಲಿಸುವ ಶ್ರಮವನ್ನು ಮ್ಯಾಡ್ರಿಡ್ ಪ್ರೋಟೊಕಾಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಕಡಿಮೆ ಮಾಡುತ್ತದೆ. ಭಾರತ 2013ರ ಜುಲೈ 8ರಂದು ಇದರ ಭಾಗವಾಯಿತು, ಸಂಯುಕ್ತ ಅರಬ್ ಸಂಸ್ಥಾನ 2021ರ ಡಿಸೆಂಬರಿನಲ್ಲಿ ಸೇರಿತು. ಒಂದೇ ಅರ್ಜಿಯಲ್ಲಿ ಹಲವು ದೇಶಗಳನ್ನು ಹೆಸರಿಸಬಹುದು, ಆದರೆ ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ಆಯಾ ದೇಶದ್ದೇ. ಹೊರಗಿನಿಂದ ಭಾರತಕ್ಕೆ ಬರುವ ನಕಲಿ ಸರಕನ್ನು ತಡೆಯಲು 2007ರ ಬೌದ್ಧಿಕ ಆಸ್ತಿ ಹಕ್ಕುಗಳ (ಆಮದು ಸರಕು) ಜಾರಿ ನಿಯಮಗಳಿವೆ. ಹಕ್ಕುದಾರ ತನ್ನ ಚಿಹ್ನೆಯನ್ನು ಕಸ್ಟಮ್ಸ್ ಇಲಾಖೆಯಲ್ಲಿ ದಾಖಲಿಸಿದರೆ ಬಂದರಿನಲ್ಲಿಯೇ ಸಂಶಯಾಸ್ಪದ ಸರಕನ್ನು ನಿಲ್ಲಿಸಲಾಗುತ್ತದೆ.

ಭೌಗೋಳಿಕ ಸೂಚಿಯ ವಿಷಯ ಇನ್ನೂ ಸೂಕ್ಷ್ಮವಾದುದು. 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದ ಎಲ್ಲ ಭೌಗೋಳಿಕ ಹೆಸರುಗಳಿಗೂ ಒಂದು ಮಟ್ಟದ ರಕ್ಷಣೆ ನೀಡುತ್ತದೆ, ಮದ್ಯಗಳಿಗೆ ಮಾತ್ರ ಅದಕ್ಕಿಂತ ಮೇಲಿನ ಮಟ್ಟದ ರಕ್ಷಣೆ. ಮದ್ಯದ ವಿಷಯದಲ್ಲಿ ಗ್ರಾಹಕನಿಗೆ ಮೋಸವಾಯಿತೆಂದು ತೋರಿಸಬೇಕಾಗಿಲ್ಲ, ಸುಳ್ಳು ಊರಿನ ಹೆಸರನ್ನು ಬಳಸಿದ್ದೇ ತಪ್ಪು. ಸಾಬೂನು, ರೇಷ್ಮೆ, ಅಗರಬತ್ತಿಗಳ ವಿಷಯದಲ್ಲಿ ಜನರು ದಾರಿತಪ್ಪಿದರೆಂದೋ ಅನ್ಯಾಯದ ಸ್ಪರ್ಧೆ ನಡೆಯಿತೆಂದೋ ರುಜುವಾತು ಪಡಿಸಬೇಕು. ಸುಗಂಧದ್ರವ್ಯ ತಯಾರಕರು ಜಗತ್ತಿನಾದ್ಯಂತ 'ಮೈಸೂರು ಸ್ಯಾಂಡಲ್‌ವುಡ್' ಎಂಬ ಮಾತನ್ನು ಒಂದು ಬಗೆಯ ಪರಿಮಳದ ವರ್ಣನೆಯಾಗಿ ಬಳಸುತ್ತಾರೆ. ಶ್ರೀಗಂಧದ ಅದೇ ಪ್ರಭೇದವನ್ನು ಪಶ್ಚಿಮ ಆಸ್ಟ್ರೇಲಿಯದ ಕುನುನುರಾ ಪ್ರದೇಶದಲ್ಲಿ ತೋಟಗಳಾಗಿ ಬೆಳೆಸಲಾಗಿದೆ. ಆ ಎಣ್ಣೆ ನಕಲಿಯಲ್ಲ, ಕೇವಲ ಮೈಸೂರಿನದಲ್ಲ. ಊರಿನ ಹೆಸರು ಗುಣದ ಹೆಸರಾಗಿ ಸವೆದುಹೋದರೆ ಅದನ್ನು ಮರಳಿ ಪಡೆಯುವುದು ಕಷ್ಟ. ಮಲಕ್‌ಪೇಟೆಯ ಗೋದಾಮಿಗಿಂತ ಈ ನಿಧಾನವಾದ ಸವೆತವೇ ಹೆಚ್ಚು ಅಪಾಯಕರ ಎನ್ನಬಹುದು, ಏಕೆಂದರೆ ಇದರಲ್ಲಿ ದಾಳಿ ಮಾಡಲು ಗೋದಾಮೇ ಇರುವುದಿಲ್ಲ.

ಪೀಟರ್ ಸ್ಕಾಟ್ ಪ್ರಕರಣ

ಹೊರದೇಶದ ಮಾರುಕಟ್ಟೆಯಲ್ಲಿ ಹೆಸರು ಕಾಯುವವರಿಗೆ ಎದುರಾಗುವ ಕಷ್ಟವನ್ನು ತಿಳಿಯಲು ಬೆಂಗಳೂರಿನದೇ ಇನ್ನೊಂದು ಪ್ರಕರಣ ನೆರವಾಗುತ್ತದೆ. ಇದರಲ್ಲಿ ಪಾತ್ರಗಳು ಅದಲುಬದಲಾಗಿವೆ: ವಿದೇಶಿ ಮಾರುಕಟ್ಟೆ ಭಾರತ, ಹೆಸರು ಕಾಯಲು ಬಂದವರು ಸ್ಕಾಟ್ಲೆಂಡಿನವರು. ಬೆಂಗಳೂರಿನ ಖೋಡೆ ಡಿಸ್ಟಿಲರೀಸ್ 1968ರ ಮೇ ತಿಂಗಳಿಂದ 'ಪೀಟರ್ ಸ್ಕಾಟ್' ಹೆಸರಿನ ವಿಸ್ಕಿಯನ್ನು ತಯಾರಿಸಿ, ಹೆಸರನ್ನು ನೋಂದಾಯಿಸಿಕೊಂಡಿತು. 'ಸ್ಕಾಟ್' ಎಂಬ ಪದದಿಂದ ಇದು ಸ್ಕಾಚ್ ಎಂದು ಜನ ಭ್ರಮಿಸುತ್ತಾರೆಂಬುದು ಸ್ಕಾಚ್ ವಿಸ್ಕಿ ಅಸೋಸಿಯೇಷನ್‌ನ ಆಕ್ಷೇಪ. ನೋಂದಣಿಯ ವಿಷಯ 1974ರಲ್ಲಿಯೇ ತಿಳಿದಿದ್ದರೂ ಅದನ್ನು ರದ್ದುಪಡಿಸಬೇಕೆಂದು ಅಸೋಸಿಯೇಷನ್ ಅರ್ಜಿ ಸಲ್ಲಿಸಿದ್ದು 1986ರಲ್ಲಿ. 1989ರಲ್ಲಿ ರಿಜಿಸ್ಟ್ರಿಯ ತೀರ್ಪು ಅಸೋಸಿಯೇಷನ್ ಪರವಾಗಿ ಬಂತು, ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ 2008ರ ಮೇ 27ರಂದು ಸುಪ್ರೀಂ ಕೋರ್ಟ್ ಖೋಡೆ ಕಂಪನಿಯ ಪರವಾಗಿ ತೀರ್ಪು ನೀಡಿತು.

ತೀರ್ಪಿಗೆ ಎರಡು ಮುಖ್ಯ ಕಾರಣಗಳಿದ್ದವು. ಮೊದಲನೆಯದು ವಿಳಂಬ: ಇಷ್ಟು ವರ್ಷ ಸುಮ್ಮನಿದ್ದು, ಎದುರಾಳಿಯ ವ್ಯಾಪಾರ ಬೆಳೆಯಲು ಬಿಟ್ಟು, ಆಮೇಲೆ ಆಕ್ಷೇಪಿಸಿದರೆ ಹಕ್ಕು ಉಳಿಯದು. ಎರಡನೆಯದು ಗ್ರಾಹಕನ ಸ್ವರೂಪ: ಅಂತಹ ವಿಸ್ಕಿ ಕೊಳ್ಳುವವರು ತಿಳಿವಳಿಕೆಯುಳ್ಳವರು, ಸ್ಕಾಚ್ ಯಾವುದು ಅಲ್ಲದ್ದು ಯಾವುದು ಎಂದು ಬಲ್ಲವರು. ಎರಡು ವರ್ಷಗಳ ಬಳಿಕ, 2010ರಲ್ಲಿ, ಸ್ಕಾಚ್ ವಿಸ್ಕಿಗೆ ಭಾರತದಲ್ಲಿ ಭೌಗೋಳಿಕ ಸೂಚಿಯ ನೋಂದಣಿ ದೊರೆಯಿತು.

ಎರಡನೆಯ ಕಾರಣವನ್ನು ಸಾಬೂನಿಗೆ ಅನ್ವಯಿಸಿ ನೋಡಿದರೆ ಫಲಿತಾಂಶ ತಿರುಗುತ್ತದೆ. ಸಾಬೂನನ್ನು ಕಿರಾಣಿ ಅಂಗಡಿಯಲ್ಲಿ ಅಕ್ಕಿ ಬೇಳೆಗಳ ಜೊತೆಗೆ ಕೊಳ್ಳುತ್ತಾರೆ. ಚೀಟಿ ಹಿಡಿದು ಬಂದ ಮಕ್ಕಳೂ ಕೊಳ್ಳುತ್ತಾರೆ, ಅಕ್ಷರ ಬಾರದ ಹಿರಿಯರು ಬಣ್ಣ ಮತ್ತು ಚಿತ್ರ ನೋಡಿ ಕೊಳ್ಳುತ್ತಾರೆ. ಅಸ್ಪಷ್ಟ ನೆನಪುಳ್ಳ ಸಾಧಾರಣ ಗ್ರಾಹಕನಿಗೆ ಗೊಂದಲವಾಗುತ್ತದೆಯೇ ಎಂಬುದೇ ಇಲ್ಲಿನ ಅಳತೆಗೋಲು. ಹೀಗಾಗಿ ಸಾಬೂನಿನ ಹೊದಿಕೆಯನ್ನು ಅನುಕರಿಸಿದವನು ತಪ್ಪಿಸಿಕೊಳ್ಳುವುದು ವಿಸ್ಕಿಯವನಿಗಿಂತ ಕಷ್ಟ.

ಅಸಲಿ ಮತ್ತು ನಕಲಿಯ ಪರೀಕ್ಷೆ

ಗಂಧದ ಪರಿಮಳದ ಸಾಬೂನುಗಳೆಲ್ಲ ನಕಲಿಯಲ್ಲ. ಬೆಂಗಳೂರಿನದೇ ಆದ ವಿಪ್ರೋ ಸಂಸ್ಥೆ 1980ರ ದಶಕದಿಂದ ಗಂಧ–ಅರಿಸಿನದ ಸಂತೂರ್ ಸಾಬೂನನ್ನು ತನ್ನ ಹೆಸರಿನಲ್ಲಿಯೇ ಮಾರುತ್ತಿದೆ. ಅದು ನ್ಯಾಯವಾದ ಸ್ಪರ್ಧೆ. ಬೇರೊಬ್ಬರ ಹೆಸರು, ಹೊದಿಕೆ, ಲಾಂಛನಗಳನ್ನು ಹಾಕಿಕೊಂಡಾಗ ಮಾತ್ರ ನಕಲಿಯಾಗುತ್ತದೆ.

ಮೂಗಿನಿಂದ ನಕಲಿಯನ್ನು ಗುರುತಿಸುವುದು ನೆಚ್ಚಿಕೆಯ ವಿಧಾನವಲ್ಲ. ಸ್ಯಾಂಡಲೋರ್, ಜಾವನಾಲ್ ಮೊದಲಾದ ಕೃತಕ ರಾಸಾಯನಿಕಗಳು ಗಂಧದ ವಾಸನೆಯನ್ನು ಚೆನ್ನಾಗಿ ಅನುಕರಿಸುತ್ತವೆ. ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಫಿ ವಿಧಾನದಿಂದ ಎಣ್ಣೆಯ ಘಟಕಗಳನ್ನು ಬಿಡಿಸಿ ನೋಡುತ್ತಾರೆ. ಶ್ರೀಗಂಧದೆಣ್ಣೆಯ ಅಂತರರಾಷ್ಟ್ರೀಯ ಮಾನದಂಡದಂತೆ ಅದರಲ್ಲಿ ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24 ಇರಬೇಕು. ಸಾಬೂನಿನ ಗುಣಮಟ್ಟವನ್ನು ಅದರಲ್ಲಿನ ಒಟ್ಟು ಕೊಬ್ಬಿನ ಅಂಶದಿಂದಲೂ ಅಳೆಯುತ್ತಾರೆ. ಭಾರತೀಯ ಮಾನದಂಡದಲ್ಲಿ ಮೊದಲ ದರ್ಜೆಯ ಸ್ನಾನದ ಸಾಬೂನಿಗೆ ಇದು ಕನಿಷ್ಠ ಶೇ. 76 ಇರಬೇಕು. ಅಗ್ಗದ ನಕಲಿ ಸಾಮಾನ್ಯವಾಗಿ ಸೋಲುವುದು ಇಲ್ಲಿ. ಮನೆಯ ಗ್ರಾಹಕನಿಗೆ ಇರುವ ಸಾಧನಗಳು ಸರಳ: ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು, ಗರಿಷ್ಠ ಮಾರಾಟ ಬೆಲೆಗಳ ಮುದ್ರಣ, ಅಂಗಡಿಯ ರಸೀದಿ ಮತ್ತು ಅತಿಯಾದ ರಿಯಾಯಿತಿಯ ಬಗ್ಗೆ ಸಂಶಯ.

ಉತ್ತರ ಬೆಂಗಳೂರು ಸುತ್ತಲಿನ ಇತರ ಹೆಸರುಗಳು

ಯಶವಂತಪುರ, ಯಲಹಂಕಗಳಿಂದ ಉತ್ತರಕ್ಕೆ ಹೋದಂತೆ ಭೌಗೋಳಿಕ ಸೂಚಿ ಪಡೆದ ಬೆಳೆಗಳ ಪ್ರದೇಶ ಸಿಗುತ್ತದೆ. ಬೆಂಗಳೂರು ನೀಲಿ ದ್ರಾಕ್ಷಿ, ದೇವನಹಳ್ಳಿ ಚಕ್ಕೋತ, ಬೆಂಗಳೂರು ಗುಲಾಬಿ ಈರುಳ್ಳಿ ಇವುಗಳಲ್ಲಿ ಪ್ರಮುಖ. ಗುಲಾಬಿ ಈರುಳ್ಳಿಯನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳಲ್ಲಿ ಬೆಳೆಯುತ್ತಾರೆ. 2015ರಲ್ಲಿ ಸೂಚಿ ಪಡೆದ ಈ ಈರುಳ್ಳಿಯನ್ನು ಇಲ್ಲಿನವರು ಅಡುಗೆಗೆ ಬಳಸುವುದು ಕಡಿಮೆ, ಬಹುಪಾಲು ಆಗ್ನೇಯ ಏಷ್ಯಾದ ದೇಶಗಳಿಗೆ ರಫ್ತಾಗುತ್ತದೆ. ಈರುಳ್ಳಿ ರಫ್ತಿಗೆ ಕೇಂದ್ರ ಸರ್ಕಾರ ಶೇ. 40ರ ಸುಂಕ ವಿಧಿಸಿದ್ದಾಗ, 2024ರ ಮೇ ತಿಂಗಳಲ್ಲಿ ಗುಲಾಬಿ ಈರುಳ್ಳಿಗೆ ಮಾತ್ರ ವಿನಾಯಿತಿ ದೊರೆಯಿತು. ಸರಕು ನಿಜವಾಗಿಯೂ ಗುಲಾಬಿ ಈರುಳ್ಳಿಯೇ ಎಂದು, ಅದರ ಪ್ರಮಾಣ ಎಷ್ಟೆಂದು ರಾಜ್ಯದ ತೋಟಗಾರಿಕಾ ಆಯುಕ್ತರು ಪ್ರಮಾಣಪತ್ರ ನೀಡಬೇಕೆಂಬುದು ಆ ವಿನಾಯಿತಿಯ ಷರತ್ತಾಗಿತ್ತು.